ಮಂಡ್ಯದಲ್ಲಿ ಸಿಕ್ಕ ಸಮುದ್ರ

ಹೋದ ಬೇಸಿಗೆಯ ಒಂದು ಸಂಜೆ ನನ್ನ ವಿದ್ಯಾರ್ಥಿನಿ ಫೋನ್ ಮಾಡಿದಳು. "ಸರ್, ನಮ್ಮ ಒಂದು ಸ್ಟೇಷನ್ ಮಂಡ್ಯದಲ್ಲಿ ಬಂದಿದೆ" ಅಂದಳು. ನಾನು ರೈಲ್ವೆ ಸ್ಟೇಷನ್ ವಿಚಾರ ಇರಬೇಕು ಅಂದುಕೊಂಡು ಬಂದ್ರೆ ಏನೀಗ ಅಂದೆ.

ಅವಳು ಹೇಳುತ್ತಿದ್ದದ್ದು ಹಡಗಿನ ಸ್ಟೇಷನ್. ಸಂಶೋಧನಾ ಹಡಗು ಸಮುದ್ರದ ನಡುವೆ ನಿಂತು, ತಂತಿ ಇಳಿಬಿಟ್ಟು, ಬೇರೆ ಬೇರೆ ಆಳದ ನೀರು ತೆಗೆಯುವ ಜಾಗಕ್ಕೆ ಹಾಗಂತಾರೆ. 1960ರ ದಶಕದ ಒಂದು ಹಡಗಿನ ಒಂಬತ್ತು ಸ್ಟೇಷನ್‌ಗಳನ್ನು ಅವಳು ಗೂಗಲ್ ಅರ್ಥ್ ಮೇಲೆ ಗುರುತು ಹಾಕಿದ್ದಳು. ಎಂಟು ಚುಕ್ಕೆಗಳು ಮಂಗಳೂರು, ಕಾಸರಗೋಡಿನ ಆಚೆ ಅರಬ್ಬಿ ಸಮುದ್ರದಲ್ಲಿ ಸಾಲಾಗಿ ಕೂತಿದ್ದವು. ಒಂಬತ್ತನೆಯದು ಘಟ್ಟ ಹತ್ತಿ ಇಳಿದು ಮಂಡ್ಯ ಪೇಟೆಯ ಮೇಲೆ ಬಂದು ನಿಂತಿತ್ತು. ಅಲ್ಲಿ 398 ಮೀಟರ್ ಆಳದಲ್ಲಿ ನೀರಿನ ಉಷ್ಣಾಂಶ 10.94 ಡಿಗ್ರಿ, ಉಪ್ಪಿನಂಶ ಸಾವಿರಕ್ಕೆ 35.16 ಅಂತ ನಮ್ಮ ಹಾಳೆ ಹೇಳುತ್ತಿತ್ತು.

ಫೋನಿನ ಆ ಕಡೆಯಿಂದ ಅವಳ ತಾತನ ದನಿ ಕೇಳಿಸಿತು. "ಕಾವೇರಿ ನೀರೇ ಸರಿಯಾಗಿ ಬತ್ತಿಲ್ಲ, ಸಮುದ್ರ ಬಂದ್ಬುಡ್ತಾ?"

ಮೂವರೂ ನಕ್ಕೆವು. ಆ ಚುಕ್ಕೆಯ ಬೆನ್ನು ಹತ್ತಿ ಹೋದಾಗ ಆರು ವಾರದ ಕೆಲಸ ಕುಸಿದು ಬಿತ್ತು. ಹೇಗೆ ಬಿತ್ತು, ಬಿದ್ದ ಮೇಲೆ ಏನು ಉಳಿಯಿತು ಅನ್ನೋದನ್ನು ಬರೆದಿಡುತ್ತಿದ್ದೇನೆ. ತಪ್ಪುಗಳಲ್ಲಿ ಅರ್ಧ ನನ್ನವೇ.

ಏನು ಮಾಡಲು ಹೊರಟಿದ್ದೆವು

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಪರಿಸರ ವಿಜ್ಞಾನ ಪಾಠ ಮಾಡುತ್ತೇನೆ. ಎಂಎಸ್‌ಸಿ ಮಕ್ಕಳ ಪ್ರಾಜೆಕ್ಟ್‌ಗಳೆಲ್ಲ ಸಾಮಾನ್ಯವಾಗಿ ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಸುತ್ತಲೇ ಸುತ್ತುತ್ತವೆ. ಈ ಹುಡುಗಿಗೆ ಸಮುದ್ರ ಬೇಕಿತ್ತು. ಕಬ್ಬು ಬೆಳೆಯುವ ಮನೆಯವಳು, ಕಡಲು ನೋಡಿದ್ದು ಒಂದೇ ಸಲ, ಶಾಲೆ ಪ್ರವಾಸದಲ್ಲಿ. ಹಡಗು ಹತ್ತಿಸುವ ಶಕ್ತಿ ನಮಗೆಲ್ಲಿ ಬರಬೇಕು? ಆದರೆ ಹಳೆಯ ಅಂಕಿಅಂಶಗಳಿಗೆ ದುಡ್ಡು ಬೇಕಿಲ್ಲ.

ಹಳೆಯದು ಅಂದರೆ ಸುಮ್ನೆ ಹಳೆಯದಲ್ಲ. 1959ರಿಂದ 1965ರವರೆಗೆ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನ ಅಂತ ಒಂದು ದೊಡ್ಡ ಕೆಲಸ ನಡೆಯಿತು. ಹತ್ತಾರು ದೇಶಗಳ ಹಡಗುಗಳು ಬಂದವು. ನಮ್ಮ ನೌಕಾಪಡೆಯ ಐಎನ್‌ಎಸ್ ಕಿಸ್ತ್ನಾ ಅದರಲ್ಲಿತ್ತು. ಅಮೆರಿಕದ ಅಧ್ಯಕ್ಷರ ವಿಹಾರ ನೌಕೆಯಾಗಿದ್ದ ಹಡಗೊಂದು ಆಂಟನ್ ಬ್ರೂನ್ ಅಂತ ಹೆಸರು ಬದಲಿಸಿಕೊಂಡು ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು (ಪ್ಲಾಂಕ್ಟನ್), ಹಿಡಿಯಲು ಬಂದಿತ್ತು. ಆ ಯಾನದ ಬೆನ್ನಿಗೇ 1966ರ ಜನವರಿ 1ರಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ನಾವು ಬಳಸಿದ ಹಡಗಿನ ಹೆಸರು ಇಲ್ಲಿ ಬೇಡ. ತಪ್ಪು ಹಡಗಿನದಲ್ಲ.

ನಮಗೆ ಬೇಕಿದ್ದದ್ದು ಖಂಡಾವರಣದ ಇಳಿಜಾರಿನ ನೀರು. ಕರಾವಳಿಯಿಂದ ಪಡುವಣಕ್ಕೆ ಹೋದರೆ ಕಡಲ ತಳ ಮೊದಲು ಬಹಳ ದೂರ ಗದ್ದೆ ಬಯಲಿನ ಹಾಗೆ ನಿಧಾನವಾಗಿ ಇಳಿಯುತ್ತದೆ. ಸುಮಾರು 200 ಮೀಟರ್ ಆಳದ ಹೊತ್ತಿಗೆ ಒಂದು ಅಂಚು ಬರುತ್ತದೆ. ಅಲ್ಲಿಂದ ಮುಂದೆ ಸಾವಿರ, ಎರಡು ಸಾವಿರ ಮೀಟರ್‌ಗೆ ಜಾರು. ಅರಬ್ಬಿ ಸಮುದ್ರದ ವಿಶೇಷ ಏನಂದ್ರೆ, ಸರಿಯಾಗಿ ಈ ಇಳಿಜಾರಿನ ಎದುರಿಗೇ ಆಮ್ಲಜನಕ ತೀರಾ ಕಮ್ಮಿ ಇರುವ ನೀರಿನ ಒಂದು ದಪ್ಪ ಪದರ ಇದೆ. ಸುಮಾರು 150 ಮೀಟರ್‌ನಿಂದ 1000 ಮೀಟರ್ ದಾಟಿ ಅದು ಹಬ್ಬಿದೆ.

ಮೈಸೂರಿನವರಿಗೆ ಇದನ್ನು ಹೀಗೆ ಹೇಳಬಹುದು. ಚಾಮುಂಡಿ ಬೆಟ್ಟದ ನೆತ್ತಿಯವರೆಗೆ ಸಮುದ್ರ ತುಂಬಿದೆ ಅಂದುಕೊಳ್ಳಿ. ಆಗ ಅರಮನೆ ಸುತ್ತಿನ ಊರು ಸುಮಾರು 300 ಮೀಟರ್ ಆಳದಲ್ಲಿರುತ್ತದೆ. ಮಂಡ್ಯ 380ರ ಆಸುಪಾಸಿನಲ್ಲಿ. ನಿಜವಾದ ಸಮುದ್ರಮಟ್ಟ ಸಾವಿರ ಚಿಲ್ಲರೆ ಮೀಟರ್ ಕೆಳಗೆ. ಅಂದರೆ ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಎಲ್ಲವೂ ಉಸಿರಿಲ್ಲದ ನೀರಿನೊಳಗೆ. ಬೆಟ್ಟದ ದೇವಸ್ಥಾನ ಮಾತ್ರ ಅಲೆಯ ಮೇಲೆ.

ಇಷ್ಟು ಕಮ್ಮಿ ಯಾಕೆ? ಮೇಲ್ಗಡೆ ಪ್ಲವಕ ಹೇರಳವಾಗಿ ಬೆಳೆಯುತ್ತದೆ, ಸತ್ತು ಕೆಳಗೆ ಉದುರುತ್ತದೆ, ಕೊಳೆಯುವಾಗ ಆಮ್ಲಜನಕ ತಿನ್ನುತ್ತದೆ. ಉತ್ತರಕ್ಕೆ ನೆಲ ಅಡ್ಡ ಬಂದಿರುವುದರಿಂದ ಹೊಸ ಗಾಳಿಯಾಡಿದ ನೀರು ಆ ಕಡೆಯಿಂದ ಬರುವುದಿಲ್ಲ. 1933-34ರಲ್ಲಿ ಜಾನ್ ಮರ್ರೆ ಯಾನದವರು ಈಜಿಪ್ಟಿನ ಮಬಾಹಿಸ್ ಹಡಗಿನಲ್ಲಿ ಇಲ್ಲೆಲ್ಲ ಬಲೆ ಎಳೆದಾಗ, ಕೆಲವು ಆಳಗಳಲ್ಲಿ ಬರೀ ಕೆಸರು ಬಂತು, ಪ್ರಾಣಿ ಬರಲಿಲ್ಲ.

ನಮ್ಮ ಪ್ರಶ್ನೆ ಸರಳವಾಗಿತ್ತು. ಅರವತ್ತರ ದಶಕಕ್ಕೂ ಆಮೇಲಿನ ದಶಕಗಳಿಗೂ ನಡುವೆ ಈ ಇಳಿಜಾರಿನ ಆಮ್ಲಜನಕ ಬದಲಾಗಿದೆಯಾ? ಆಮೇಲಿನ ಅಂಕಿಗಳು ವರ್ಲ್ಡ್ ಓಶನ್ ಡೇಟಾಬೇಸ್‌ನಲ್ಲಿ ಸಿಕ್ಕವು. ಹಳೆಯವು ಸ್ಕ್ಯಾನ್ ಮಾಡಿದ ಪುಟಗಳು. ಟೈಪ್‌ರೈಟರ್ ಅಕ್ಷರ ಮಸುಕಾಗಿ, ಕಂಪ್ಯೂಟರ್ ತಾನಾಗಿ ಓದಲು ಒಪ್ಪಲಿಲ್ಲ. ಕೈಯಿಂದಲೇ ಎತ್ತಿಕೊಳ್ಳಬೇಕಾಯಿತು.

ನಾಲ್ಕನೇ ವಾರಕ್ಕೆ ಉತ್ತರ ಬಂತು. 250ರಿಂದ 600 ಮೀಟರ್ ನಡುವೆ ಹಳೆಯ ಸರಾಸರಿ ಲೀಟರಿಗೆ 0.18 ಮಿಲಿಲೀಟರ್, ಹೊಸದು 0.21. ಆಮ್ಲಜನಕ ಜಾಸ್ತಿಯಾಗಿದೆ! 1960ರಿಂದೀಚೆಗೆ ಜಗತ್ತಿನ ಸಮುದ್ರಗಳು ಒಟ್ಟಾರೆ ನೂರಕ್ಕೆ ಸುಮಾರು ಎರಡು ಪಾಲು ಆಮ್ಲಜನಕ ಕಳೆದುಕೊಂಡಿವೆ ಅನ್ನುವಾಗ ನಮ್ಮ ಪಡುವಣ ಕಡಲು ಉಲ್ಟಾ ಹೊಡೆದಿದೆ. ನನಗೆ ಆಸೆ ಹುಟ್ಟಿತು. "ಚೆನ್ನಾಗಿದೆ, ಬರಿ" ಅಂದುಬಿಟ್ಟೆ. ಮಂಡ್ಯದ ಚುಕ್ಕೆ ಕಾಣಿಸಿದ್ದು ಇದಾದ ಮೇಲೆ. ನಕ್ಷೆ ಮೊದಲು ಬರೆಯಬೇಕಿತ್ತು, ಸರಾಸರಿ ಆಮೇಲೆ. ಈ ಬುದ್ಧಿ ಹೇಳಬೇಕಿದ್ದವನು ನಾನು, ಹೇಳಲಿಲ್ಲ.

೩ ಮತ್ತು ೬

ಮಂಡ್ಯ ಇರುವುದು 12 ಡಿಗ್ರಿ 31 ನಿಮಿಷ ಉತ್ತರ, 76 ಡಿಗ್ರಿ 54 ನಿಮಿಷ ಪೂರ್ವದಲ್ಲಿ. ಸ್ಕ್ಯಾನ್ ತೆಗೆದು ದೊಡ್ಡದು ಮಾಡಿ ನೋಡಿದೆ. ಅಲ್ಲಿ ಇಂಗ್ಲಿಷ್ ಅಂಕಿಯಲ್ಲಿ ಸ್ಪಷ್ಟವಾಗಿ 73 ಡಿಗ್ರಿ 54 ನಿಮಿಷ ಅಂತಿತ್ತು. ಮಸುಕಾದರೂ 3 ಮೂರೇ. ಹಾಗಾದರೆ 6 ಎಲ್ಲಿಂದ ಬಂತು?

ಅವಳ ಮನೆಗೆ ಹೋದೆ. ತಾತ ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಮೊಮ್ಮಗಳ ಕೆಲಸದಲ್ಲಿ ಅವರದೂ ಪಾಲಿತ್ತು ಅಂತ ನನಗೆ ಗೊತ್ತಾದದ್ದು ಆವತ್ತೇ. ಹಗಲು ಅವರು ಭೂತಗನ್ನಡಿ ಹಿಡಿದು ಲ್ಯಾಪ್‌ಟಾಪ್ ಪರದೆಯಿಂದ ಅಂಕಿಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ರಾತ್ರಿ ಅವಳು ನೋಟ್‌ಬುಕ್ ನೋಡಿ ಎಕ್ಸೆಲ್‌ಗೆ ಹಾಕುತ್ತಿದ್ದಳು. ಮೇಷ್ಟ್ರ ಅಭ್ಯಾಸ, ಬರೆದದ್ದೆಲ್ಲ ಕನ್ನಡ ಅಂಕಿಯಲ್ಲಿ.

ನೋಟ್‌ಬುಕ್ ಬಿಡಿಸಿ ನೋಡಿದರೆ ಮುತ್ತಿನಂತಹ ಅಕ್ಷರ. ಆದರೆ ೩ ಮತ್ತು ೬ ಬರೆಯುವಾಗ ಬಾಲದ ತುದಿಯಲ್ಲಷ್ಟೇ ವ್ಯತ್ಯಾಸ ಅಲ್ವಾ. ನೀಲಿ ಇಂಕು, ತೆಳು ಹಾಳೆ, ಹಿಂದಿನ ಪುಟದ ಗೆರೆ ಮೂಡಿ ಬಂದಿತ್ತು. ಅವರು ಬರೆದ ೭೩ ಅವಳ ಕಣ್ಣಿಗೆ ೭೬ ಆಗಿತ್ತು. ಬಸ್ಸಿನ ಬೋರ್ಡಿನಲ್ಲಿ ೩ ಯಾವುದು ೬ ಯಾವುದು ಅಂತ ಒಂದು ಕ್ಷಣ ತಡವರಿಸಿದವರಿಗೆ ಇದು ಅರ್ಥವಾಗುತ್ತದೆ.

ಮಂಡ್ಯದ ಚುಕ್ಕೆಯನ್ನು ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ರಾತ್ರಿ ಮಂಡ್ಯದಿಂದ ಬಸ್ಸಿನಲ್ಲಿ ವಾಪಸ್ ಬರುವಾಗ ತಲೆಯಲ್ಲಿ ಒಂದೇ ಯೋಚನೆ. ಇದು ನೆಲದ ಮೇಲೆ ಬಂದು ಬಿದ್ದದ್ದಕ್ಕೆ ಸಿಕ್ಕಿಬಿತ್ತು. ಸಮುದ್ರದಲ್ಲೇ ಉಳಿದ ೩-೬ಗಳ ಕಥೆ ಏನು? 33 ನಿಮಿಷ 36 ಆದರೆ ಹಡಗು ಐದೂವರೆ ಕಿಲೋಮೀಟರ್ ಸರಿಯುತ್ತದೆ. ಬೇರೆ ಕಡೆ ಅದು ಲೆಕ್ಕಕ್ಕಿಲ್ಲ. ಇಳಿಜಾರಿನಲ್ಲಿ ಅಷ್ಟು ದೂರಕ್ಕೆ ತಳ ನೂರಾರು ಮೀಟರ್ ಕುಸಿದಿರಬಹುದು. ಇನ್ನು ಆಮ್ಲಜನಕ 0.31 ಆಗಿದ್ದದ್ದು 0.61 ಆದರೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಮಾರನೇ ದಿನ ಅವಳ ಹಾಸ್ಟೆಲ್ ಗೆಳತಿಯೊಬ್ಬಳನ್ನು ಹಿಡಿದೆವು. ನೋಟ್‌ಬುಕ್ಕನ್ನಾಗಲಿ ಹಳೆಯ ಎಕ್ಸೆಲ್ಲನ್ನಾಗಲಿ ತೋರಿಸದೆ, ಸ್ಕ್ಯಾನ್‌ನಿಂದ ನೇರವಾಗಿ ಮತ್ತೆ ಎಲ್ಲ ಟೈಪ್ ಮಾಡಿಸಿದೆವು. ಹತ್ತಿರ ಹತ್ತಿರ 900 ಅಂಕಿಗಳು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದಾಗ 31 ಕಡೆ ಹೊಂದಲಿಲ್ಲ. ಹನ್ನೆರಡು ೩-೬ರ ಗಲಾಟೆ. ಐದು ಕಡೆ ಸಾಲು ಜಾರಿ ಕೆಳಗಿನ ಅಂಕಿ ಮೇಲೆ ಬಂದಿತ್ತು. ಉಳಿದ ಹದಿನಾಲ್ಕು ಬೇರೆ ಜಾತಿಯವು. ನಮ್ಮನ್ನು ಮುಳುಗಿಸಿದ್ದು ಅವೇ.

ಸೊನ್ನೆ ತಗೊಂಡವನು, ಪರೀಕ್ಷೆಗೆ ಬರದವನು

ಆ ಹದಿನಾಲ್ಕೂ ಆಮ್ಲಜನಕದ ಕಾಲಮ್ಮಿನವು. ಗೆಳತಿ ಖಾಲಿ ಬಿಟ್ಟಿದ್ದಳು, ನಮ್ಮ ಹಾಳೆಯಲ್ಲಿ 0 ಇತ್ತು.

ಖಾಲಿ ಯಾಕಿರುತ್ತದೆ ಅಂತ ಮೊದಲು ಹೇಳಬೇಕು. ಆಗ ನೀರು ತೆಗೆಯುತ್ತಿದ್ದದ್ದು ನ್ಯಾನ್ಸನ್ ಬಾಟಲಿಯಲ್ಲಿ. ಹಿತ್ತಾಳೆ ಕೊಳವೆ. ಒಂದೇ ತಂತಿಗೆ ಸರದಿಯಲ್ಲಿ ಕಟ್ಟಿ ಇಳಿಸುತ್ತಾರೆ. ಮೇಲಿಂದ ಒಂದು ತೂಕದ ಗುಂಡು ಬಿಡುತ್ತಾರೆ. ಅದು ಜಾರಿ ಹೋಗಿ ಮೊದಲ ಬಾಟಲಿಗೆ ಹೊಡೆದರೆ ಬಾಟಲಿ ತಲೆಕೆಳಗಾಗಿ ಮುಚ್ಚಿಕೊಂಡು, ತನ್ನ ಕೆಳಗಿನ ಗುಂಡನ್ನು ಬಿಡುತ್ತದೆ. ಅದು ಮುಂದಿನದಕ್ಕೆ. ನಡುವೆ ಒಂದು ಮಗುಚದಿದ್ದರೆ ಅದರ ಕೆಳಗಿನವೆಲ್ಲ ಸುಮ್ನೆ ನೇತಾಡಿ ವಾಪಸ್ ಬರುತ್ತವೆ. ಥರ್ಮಾಮೀಟರೂ ಬಾಟಲಿಯ ಮೈಗೇ ಕಟ್ಟಿರುತ್ತದೆ. ಹಾಗಾಗಿ ಬಾಟಲಿ ಮಗುಚದಿದ್ದರೆ ಆ ಸಾಲೇ ಖಾಲಿ.

ತಾತ ಖಾಲಿ ಜಾಗದಲ್ಲೆಲ್ಲ ೦ ಹಾಕಿದ್ದರು. ಯಾಕೆ ಅಂತ ಕೇಳಿದೆ. "ಖಾಲಿ ಬುಟ್ರೆ ಬರೆಯೋದ ಮರ್ತವ್ನೆ ಅಂತಾರೆ ಸಾ" ಅಂದರು. ಮೇಷ್ಟ್ರ ಶಿಸ್ತು.

ಉಷ್ಣಾಂಶದ ಕಾಲಮ್ಮಿನಲ್ಲೂ ಹೀಗೇ ಸೊನ್ನೆಗಳು ಬಂದಿದ್ದವು. ಅವನ್ನು ಹುಡುಗಿ ಮೊದಲ ದಿನವೇ ಹಿಡಿದು ಅಳಿಸಿದ್ದಳು. ಕಾಸರಗೋಡಿನ ಆಚೆ ನೀರು ಸೊನ್ನೆ ಡಿಗ್ರಿ ಆಗುತ್ತಾ? ಉಪ್ಪಿನಂಶದ ಸೊನ್ನೆಗಳೂ ಹೋಗಿದ್ದವು. ಆಮ್ಲಜನಕದ ಸೊನ್ನೆ ಮಾತ್ರ ಉಳಿಯಿತು. ಯಾಕಂದ್ರೆ ಅದು ಅರಬ್ಬಿ ಸಮುದ್ರ. ಆಮ್ಲಜನಕ ಇಲ್ಲದ ನೀರು ಅಂತಲೇ ನಾವು ಹೊರಟಿದ್ದವರು. ಬೇರೆ ಯಾವ ಕಡಲಾಗಿದ್ದರೂ ಈ ಸೊನ್ನೆ ಕಣ್ಣಿಗೆ ಹೊಡೆಯುತ್ತಿತ್ತು. ಇಲ್ಲಿ ಅದು ಊರಿನವನ ಹಾಗೇ ಕೂತಿತ್ತು.

ತಾತನಿಗೆ ವಿವರಿಸಲು ಹೊರಟಾಗ ನಾನು ಏನೇನೋ ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದರು. "ಗೊತ್ತಾಯ್ತು ಬುಡಿ. ಪರೀಕ್ಷೆಗೆ ಬರ್ದೇ ಇರೋ ಐಕ್ಳಿಗೆಲ್ಲ ಸೊನ್ನೆ ಕೊಟ್ಟು ಕ್ಲಾಸಿನ ಸರಾಸರಿ ತಗ್ದಂಗಾಯ್ತು." ಇದಕ್ಕಿಂತ ಚೆನ್ನಾಗಿ ನಾನು ಯಾವ ಕ್ಲಾಸಿನಲ್ಲೂ ಹೇಳಿಲ್ಲ.

ಹದಿನಾಲ್ಕು ಸೊನ್ನೆ ತೆಗೆದ ಮೇಲೆ ಹಳೆಯ ಸರಾಸರಿ 0.18 ಇದ್ದದ್ದು 0.26 ಆಯಿತು. ಹೊಸದು 0.21. ಈಗ ಆಮ್ಲಜನಕ ಕಮ್ಮಿಯಾಗಿದೆ! ಜಗತ್ತು ಹೇಳುವುದಕ್ಕೂ ಹೊಂದುತ್ತದೆ. ಹುಡುಗಿಯ ಮುಖ ಅರಳಿತು. ಎರಡನೇ ಸಲ ಮೋಸ ಹೋಗುವ ಜಾಗ ಇದು. ಮೊದಲ ಉತ್ತರ ವಿಚಿತ್ರವಾಗಿದ್ದದ್ದಕ್ಕಾದರೂ ಯಾರಾದರೂ ಪ್ರಶ್ನೆ ಕೇಳುತ್ತಿದ್ದರು. ಎರಡನೆಯದನ್ನು ಯಾರೂ ಕೇಳುವುದಿಲ್ಲ.

ಬಾಟಲಿಯೊಳಗೆ ಏನು ನಡೆಯುತ್ತದೆ

ಹಳೆಯ ಆಮ್ಲಜನಕದ ಅಂಕಿಗಳೆಲ್ಲ ವಿಂಕ್ಲರ್ ವಿಧಾನದವು. ಹಂಗೇರಿಯ ಲಾಯೋಷ್ ವಿಂಕ್ಲರ್ 1888ರಲ್ಲಿ ಕೊಟ್ಟದ್ದು. ಇವತ್ತಿಗೂ ನಮ್ಮ ಲ್ಯಾಬಿನಲ್ಲಿ ಕೆರೆ ನೀರಿಗೆ ಮಾಡಿಸುವುದು ಅದನ್ನೇ. ನೀರಿಗೆ ಮ್ಯಾಂಗನೀಸ್ ಲವಣ, ಅಯೋಡೈಡ್ ಬೆರೆಸಿದ ಕ್ಷಾರ ಹಾಕಿದರೆ ಗಸಿ ಕೂರುತ್ತದೆ. ಆಮ್ಲಜನಕ ಇದ್ದರೆ ಗಸಿ ಕಂದು, ಇಲ್ಲದಿದ್ದರೆ ಬಿಳಿ. ಆಮೇಲೆ ಆಮ್ಲ ಹಾಕಿದರೆ ಎಷ್ಟು ಆಮ್ಲಜನಕ ಇತ್ತೋ ಅದಕ್ಕೆ ಸರಿಯಾಗಿ ಅಯೋಡಿನ್ ಬಿಡುಗಡೆಯಾಗುತ್ತದೆ. ಗಂಜಿ ಹಾಕಿ ನೀಲಿ ಮಾಡಿ, ಆ ನೀಲಿ ಹೋಗುವವರೆಗೆ ಬುರೆಟ್ ಅನ್ನೋ ಅಳತೆಯ ಕೊಳವೆಯಿಂದ ಥಯೋಸಲ್ಫೇಟ್ ತೊಟ್ಟಿಕ್ಕಿಸಬೇಕು. ಅದು ಎಷ್ಟು ಹಿಡಿಯಿತೋ ಅದರಿಂದ ಆಮ್ಲಜನಕದ ಲೆಕ್ಕ.

ಅವಳಿಗೆ ಹೇಳಿ ಒಪ್ಪಿಸುವ ಬದಲು ಮಾಡಿಯೇ ನೋಡೋಣ ಅಂದೆ. ನಲ್ಲಿಯ ನೀರು ಚೆನ್ನಾಗಿ ಕುದಿಸಿ, ಮೇಲೆ ಎಣ್ಣೆ ಹೊಯ್ದು, ಮುಚ್ಚಿಟ್ಟು ಆರಿಸಿದೆವು. ಕುದಿಸಿದರೆ ಕರಗಿದ ಗಾಳಿ ಹೋಗುತ್ತದೆ. ಎಣ್ಣೆ ಮೇಲಿದ್ದರೆ ವಾಪಸ್ ಬರಲು ಹೊತ್ತು ಹಿಡಿಯುತ್ತದೆ. ರಬ್ಬರ್ ನಳಿಕೆಯಿಂದ ಬಾಟಲಿಗೆ ಇಳಿಸಿ ರಾಸಾಯನಿಕ ಹಾಕಿದೆವು. ಗಸಿ ಬಿಳಿಯಾಗಿ ಬರಬೇಕಿತ್ತು. ಒಂದು ಕ್ಷಣ ಬಿಳಿಯಾಗಿಯೇ ಇತ್ತು. ಮುಚ್ಚಳ ಹಾಕಿ ಅಲ್ಲಾಡಿಸುವಷ್ಟರಲ್ಲಿ ಹಾಲಿಗೆ ಒಂದು ಹನಿ ಕಾಫಿ ಡಿಕಾಕ್ಷನ್ ಬಿದ್ದ ಹಾಗೆ ಬಣ್ಣ ತಿರುಗಿತು. ನಳಿಕೆಯಲ್ಲಿ ಎಲ್ಲೋ ಒಂದು ಗುಳ್ಳೆ. ರಾಸಾಯನಿಕದಲ್ಲೇ ಕರಗಿದ್ದ ಒಂಚೂರು ಗಾಳಿ. ಐದು ಸಲ ಮಾಡಿದೆವು. ಬುರೆಟ್ ಒಂದು ಸಲವೂ ಸೊನ್ನೆ ತೋರಿಸಲಿಲ್ಲ.

ನೆಲದ ಮೇಲೆ, ಫ್ಯಾನ್ ಹಾಕಿಕೊಂಡು ಕೂತ ನಮ್ಮ ಗತಿ ಇದು. ಓಲಾಡುವ ಹಡಗಿನಲ್ಲಿ, ಹಿತ್ತಾಳೆ ಬಾಟಲಿಯಿಂದ ಗಾಜಿನ ಬಾಟಲಿಗೆ ನೀರು ಇಳಿಸಿ, ನೀಲಿ ಹೋಯಿತೋ ಇಲ್ಲವೋ ಅಂತ ಕಣ್ಣಲ್ಲೇ ತೀರ್ಮಾನಿಸುವವರಿಗೆ ಸೊನ್ನೆ ಎಲ್ಲಿ ಬರಬೇಕು? ಇದರ ಮೇಲೆ, ಅರಬ್ಬಿ ಸಮುದ್ರದ ಆಮ್ಲಜನಕ ತೀರಾ ಕಮ್ಮಿಯಾದ ನೀರಿನಲ್ಲಿ ಕೆಲವೆಡೆ ನೈಟ್ರೈಟ್ ಸೇರಿಕೊಂಡಿರುತ್ತದೆ. ಅದೂ ಅಯೋಡಿನ್ ಬಿಡಿಸುತ್ತದೆ. ಹೀಗಾಗಿ ಕಣ್ಣಳತೆಯ ಹಳೆಯ ವಿಂಕ್ಲರ್ ಅಂಕಿಗಳು ಕೆಳತುದಿಯಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ. ಆಮೇಲೆ ಬಂದ ಸೂಕ್ಷ್ಮ ಸಂವೇದಕಗಳು ಅದೇ ಪದರದ ತಿರುಳಿನಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ ಅಂತ ತೋರಿಸಿವೆ. ಆ ಪದರದ 1959ರಿಂದ 2004ರವರೆಗಿನ ಅಂಕಿಗಳನ್ನು ಸಾಗರ ವಿಜ್ಞಾನಿಗಳಾದ ಕಾರ್ಲ್ ಬಾನ್ಸೆ, ನಖ್ವಿ ಮತ್ತವರ ಜೊತೆಗಾರರು 2014ರಲ್ಲಿ ಒಟ್ಟಿಗೆ ಕೂಡಿಸಿ ನೋಡಿದ್ದರು. ನಾನು ಅದನ್ನು ಪ್ರಾಜೆಕ್ಟ್ ಶುರುವಿಗೆ ಮುಂಚೆ ಓದಬೇಕಿತ್ತು.

0.26ಕ್ಕೂ 0.21ಕ್ಕೂ ಇರುವ ಅಂತರ 0.05. ಇಷ್ಟನ್ನು ಒಂದು ಗಾಳಿಗುಳ್ಳೆಯೇ ಮಾಡಿಬಿಡುತ್ತದೆ. ಹೆಚ್ಚಾಗಿದೆ ಅನ್ನೋದೂ ಹೋಯಿತು, ಕಮ್ಮಿಯಾಗಿದೆ ಅನ್ನೋದೂ ಹೋಯಿತು.

ಅಂದ ಹಾಗೆ, ಅಳತೆಯ ಮಾನದಲ್ಲಿ ನಾವು ಎಡವಲಿಲ್ಲ. ಹೊಸ ಅಂಕಿಗಳು ಕಿಲೋಗ್ರಾಂಗೆ ಇಷ್ಟು ಮೈಕ್ರೋಮೋಲ್ (ಅಣುಗಳ ಎಣಿಕೆಯ ಒಂದು ಮಾನ) ಅಂತಿರುತ್ತವೆ. ಒಂದು ಮಿಲಿಲೀಟರ್ ಅಂದರೆ 44.66 ಮೈಕ್ರೋಮೋಲ್, ಜೊತೆಗೆ ನೀರಿನ ಸಾಂದ್ರತೆಯ ಲೆಕ್ಕ. ಅದನ್ನು ಹುಡುಗಿ ಸರಿಯಾಗಿಯೇ ಮಾಡಿದ್ದಳು.

ಜೀವಿಗಳ ಹಾಳೆ

ಆಮ್ಲಜನಕದ ಜೊತೆ ಪ್ರಾಣಿಪ್ಲವಕದ ಅಂಕಿಗಳನ್ನೂ ತೆಗೆದುಕೊಂಡಿದ್ದೆವು. 400 ಮೀಟರಿನ ಆಮ್ಲಜನಕಕ್ಕೂ ಪ್ಲವಕದ ಪ್ರಮಾಣಕ್ಕೂ ಸಂಬಂಧ ಇದೆಯಾ ಅಂತ ಅವಳು ಗ್ರಾಫ್ ಬರೆದಿದ್ದಳು. ಇದೆ ಅಂತಲೂ ಬಂದಿತ್ತು. ಆದರೆ ಆ ಯಾನದ ಹಡಗುಗಳಿಗೆ ಕೊಟ್ಟಿದ್ದ ಮಾದರಿ ಬಲೆ, ಒಂದು ಚದರ ಮೀಟರ್ ಬಾಯಿಯದು, ಎಳೆಯುತ್ತಿದ್ದದ್ದು 200 ಮೀಟರ್‌ನಿಂದ ಮೇಲಕ್ಕೆ. 400 ಮೀಟರಿನಲ್ಲಿ ಯಾರು ಬದುಕಿದ್ದರು ಅಂತ ಆ ಬಲೆಗೆ ಗೊತ್ತೇ ಇಲ್ಲ. ಕೆಆರ್‌ಎಸ್ ಮೇಲ್ಗಡೆ ಬಲೆ ಬೀಸಿ ತಳದ ಮೀನಿನ ಲೆಕ್ಕ ಹೇಳಿದ ಹಾಗೆ.

ಹೊತ್ತಿನದೂ ಒಂದು ಗೊಂದಲ. ಆ ಪ್ಲವಕದಲ್ಲಿ ಬಹಳ ಜಾತಿಗಳು ಹಗಲು ಆಳಕ್ಕೆ ಇಳಿದು, ರಾತ್ರಿ ಮೇವಿಗೆ ಮೇಲೆ ಬರುತ್ತವೆ. ಹಗಲಿನ ಬಲೆ ಖಾಲಿ, ರಾತ್ರಿಯದು ಭಾರ. ಹಡಗಿನ ಹಾಳೆಯಲ್ಲಿ ಬರೆದಿರುವುದು ಗ್ರೀನಿಚ್ ಹೊತ್ತು. ನಾವು ಅದನ್ನು ನಮ್ಮ ಗಡಿಯಾರದ ಹೊತ್ತು ಅಂತ ಓದಿದ್ದೆವು. ಗ್ರೀನಿಚ್‌ನ ಮಧ್ಯಾಹ್ನ 2 ಗಂಟೆಗೆ ಅಲ್ಲಿ ಸೂರ್ಯ ಮುಳುಗಿ ಕತ್ತಲು ಕವಿಯುತ್ತಿರುತ್ತದೆ. ಐದೂವರೆ ಗಂಟೆ ಸೇರಿಸಿದರೂ ಪೂರ್ತಿ ಸರಿಯಲ್ಲ. 73 ಡಿಗ್ರಿ 54 ನಿಮಿಷದಲ್ಲಿ ಸೂರ್ಯನ ಲೆಕ್ಕ ನಾಲ್ಕು ಗಂಟೆ 56 ನಿಮಿಷ. ಸರಿ ಮಾಡಿ ನೋಡಿದಾಗ ಪ್ಲವಕ ಜಾಸ್ತಿ ಇದ್ದ ಮೂರು ಬಲೆಗಳೂ ರಾತ್ರಿಯವು. ಗ್ರಾಫ್ ಹರಿದು ಹಾಕಿದೆವು.

ಏನು ಉಳಿಯಿತು

ಒಂಬತ್ತರಲ್ಲಿ ಐದು ಸ್ಟೇಷನ್ ಫೆಬ್ರುವರಿಯವು, ನಾಲ್ಕು ಸೆಪ್ಟೆಂಬರಿನವು. ಆಳದ ಪದರ ಬಿಟ್ಟು, ಮೇಲಿಂದ ಇಳಿಯುವಾಗ ಆಮ್ಲಜನಕ ಲೀಟರಿಗೆ 1 ಮಿಲಿಲೀಟರಿಗಿಂತ ಕೆಳಗೆ ಬೀಳುವುದು ಎಷ್ಟು ಆಳದಲ್ಲಿ ಅಂತ ಮಾತ್ರ ನೋಡೋಣ ಅಂದುಕೊಂಡೆವು. ಅಲ್ಲಿ ಅಂಕಿಗಳು 4ರಿಂದ 1ಕ್ಕೆ ಕುಸಿಯುತ್ತವೆ. 0.05ರ ತಪ್ಪು ಅಲ್ಲಿ ಏನೂ ಕೆಡಿಸಲಾರದು. ಸೆಪ್ಟೆಂಬರಿನಲ್ಲಿ ಆ ಗೆರೆ ಫೆಬ್ರುವರಿಗಿಂತ 50 ಮೀಟರಿಗೂ ಜಾಸ್ತಿ ಮೇಲಿತ್ತು. ದಡದ ಕಡೆ ಹೋದಷ್ಟೂ ಇನ್ನೂ ಮೇಲೆ. ಮುಂಗಾರಿನಲ್ಲಿ ತಳದ ನೀರು ಇಳಿಜಾರು ಹತ್ತಿ ಬರುವುದು ಅದು. ತಳದ ಮೀನುಗಳು ಆಗ ಜಾಗ ಖಾಲಿ ಮಾಡುತ್ತವೆ. ಬಾನ್ಸೆ ಇದನ್ನು ಕೇರಳದ ಕಡೆ 1959ರಲ್ಲೇ ಬರೆದಿದ್ದರು. ಅದೇ ವರ್ಷ ಮುಂಬೈ ಆಚೆಯ ನೀರಿನ ಬಗ್ಗೆ ಕರ್ರುದರ್ಸ್ ಮತ್ತು ಸಂಗಡಿಗರೂ ಬರೆದರು.

ವೈವಾದಲ್ಲಿ ಪರೀಕ್ಷಕರು ಕೇಳಿಯೇ ಕೇಳಿದರು, ಇದರಲ್ಲಿ ಹೊಸದೇನಿದೆ ಅಂತ. ಅವಳು 31 ತಪ್ಪುಗಳ ಪಟ್ಟಿ ಇದ್ದ ಪುಟ ತೆಗೆದು ಮುಂದಿಟ್ಟಳು. ಪ್ರತಿ ತಪ್ಪಿಗೂ ಏನಿತ್ತು, ಏನಾಯಿತು, ಹೇಗೆ ಸಿಕ್ಕಿತು ಅಂತ ಮೂರು ಕಾಲಮ್ಮು. ಅವರು ಅದರ ಮೇಲೇ ಇಪ್ಪತ್ತು ನಿಮಿಷ ಮಾತಾಡಿದರು. ಸಮುದ್ರದ ಬಗ್ಗೆ ಕೇಳಿದ್ದು ಕಮ್ಮಿ.

ತಾತ ಈಗ ಎರಡನೇ ನೋಟ್‌ಬುಕ್ ಶುರು ಮಾಡಿದ್ದಾರೆ, ಇನ್ನೊಂದು ಯಾನದ ಪುಟಗಳು. ಇಂಗ್ಲಿಷ್ ಅಂಕಿಯಲ್ಲಿ ಬರೀರಿ ಅಂದರೆ ಒಪ್ಪಲಿಲ್ಲ. ೬ ಬರೆದ ಕಡೆಯೆಲ್ಲ ಕೆಳಗೊಂದು ಅಡ್ಡಗೆರೆ ಎಳೆಯುತ್ತಾರೆ. ಖಾಲಿ ಇದ್ದ ಕಡೆ "ಗೈರು" ಅಂತ ಬರೆಯುತ್ತಾರೆ.

ತಪ್ಪು ಅಂಕಿಯನ್ನು ಅಳಿಸಬಾರದು, ಗುರುತು ಹಾಕಿ ಪಕ್ಕದಲ್ಲಿ ಸರಿ ಬರೆಯಬೇಕು ಅನ್ನೋದು ಕಡತದ ಪದ್ಧತಿ. ಹಾಗಾಗಿ ಮಂಡ್ಯದ ಸ್ಟೇಷನ್ ನಮ್ಮ ಹಾಳೆಯಲ್ಲಿ ಇನ್ನೂ ಇದೆ. ಬರೆದದ್ದು 76, ಆಗಬೇಕಾದದ್ದು 73, ಕಾರಣದ ಕಾಲಮ್ಮಿನಲ್ಲಿ "ತಾತನ ಮೂರು".